ಚೊಗರಿಗೂ ಬೋರ್‌ವೆಲ್‌ಗೂ ಆಗಿಬರುವುದಿಲ್ಲ

ನಮ್ಮ ತೂಗುಕೃತಿಗೆ ನೇಯಬೇಕಾದ 24 ಹತ್ತಿಬಟ್ಟೆ ಪಟ್ಟೆಗಳಲ್ಲಿ 15 ಮಗ್ಗದಿಂದ ಇಳಿದಿವೆ. ಉಳಿದ 9 ನಿಂತಿರುವುದು ನೂಲಿಲ್ಲದೆ ಅಲ್ಲ, ನೀರಿನ ದೆಸೆಯಿಂದ.

ಹಂಚಿನ ಮನೆಯ ಚಾವಡಿಯಲ್ಲಿ ಇಳಿಬಿಡುವ ಈ ಕೃತಿಗೆ ಕಿನ್ನಿಗೋಳಿ, ಉಡುಪಿ ಕಡೆಯ ನೇಕಾರರು ತಂತಮ್ಮ ಗುಂಡಿಮಗ್ಗದಲ್ಲೇ ನೇಯುತ್ತಿದ್ದಾರೆ. ಅಗಲ 47 ಇಂಚು, ಉದ್ದ ಎರಡೂವರೆ ಮೀಟರ್. ಹಾಸಿನ (ಉದ್ದದ) ಎಳೆಗೆ 80 ಕೌಂಟಿನ ಬಿಳಿ ನೂಲು. ಹೊಕ್ಕಿನ (ಅಡ್ಡ) ಎಳೆಗೆ 60ರದ್ದು, ಪಟ್ಟೆಯೊಂದಕ್ಕೆ 80 ಗ್ರಾಂ ಹಿಡಿದರೆ ಒಟ್ಟು ಸುಮಾರು 2 ಕಿಲೋ. ಹೊಕ್ಕು ನೂಲಿಗೆ ಅವರವರ ಮನೆಯಲ್ಲೇ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ಒಗರು ನೀರಿನ) ಬಣ್ಣ ಹಾಕುವುದು ಎಂಬ ಒಪ್ಪಂದವಿತ್ತು. ಮನೆಯಿಂದ ಮನೆಗೆ ಬಣ್ಣ ತುಸು ಬೇರೆಯಾಗಲಿ ಎಂಬುದೇ ಆಸೆ.

ಆದರೆ ಬೇರೆಯಾದ ಪರಿ ನೋಡಿ: ಕೆಲವರ ನೂಲಿನ ಲಡಿ (ಸುತ್ತು) ಕೆಂಗಂದು, ಕೆಲವರದ್ದು ಒಲೆಯ ಬೂದಿ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಿಂದೆ ಖಾಕಿ ಬಟ್ಟೆ ಮಾಡುತ್ತಿದ್ದರು. ಊರಿಗೆ ಆ ಒಂದು ಖಾಕಿ ಸಾಕು.

ಅನುಮಾನ ಮೊದಲು ಹೋದದ್ದು ಚೊಗರಿನ ಮೇಲೆ. ಕರಾವಳಿಯಲ್ಲಿ ಅಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುತ್ತೇವೆ, ಬೇಯಿಸುವುದಿಲ್ಲ. ಹಾಗಾಗಿ ಚೊಗರು ಘಟ್ಟದ ಮೇಲಿನಿಂದಲೇ ಇಳಿಯಬೇಕು. ಮಾರುವವರು ಒಮ್ಮೆ ಪಾಕದಷ್ಟು ದಪ್ಪದ್ದು ಕೊಡುತ್ತಾರೆ, ಇನ್ನೊಮ್ಮೆ ಕಾಫಿಯಷ್ಟು ತೆಳ್ಳಗಿನದು, ದರ ಮಾತ್ರ ಅದೇ. ಕಬ್ಬಿಣದ ಡ್ರಮ್ಮಿನಲ್ಲಿ ಇಟ್ಟದ್ದಾದರೆ ಕಪ್ಪಾಗಿ ಅಲ್ಲಿಗೇ ಮುಗಿಯಿತು. ಬಣ್ಣ ನೂಲಿಗೆ ಹಿಡಿಯಲೆಂದು ಹಾಕುವ ಪಟಿಕಾರದ್ದೂ ಇದೇ ಕತೆ: ಹಳದಿ ಛಾಯೆಯ ಗಟ್ಟಿಯಲ್ಲಿ ಕಬ್ಬಿಣ ಇರುವ ಸಂಭವವಿದೆ, ಕನ್ನಡಿಯ ಹಾಗೆ ಪಾರದರ್ಶಕವಾದ್ದನ್ನೇ ಆರಿಸಿಕೊಳ್ಳಿ.

ಆದರೆ ಇಲ್ಲಿ ಎಲ್ಲರಿಗೂ ಹೋದದ್ದು ಒಂದೇ ಕ್ಯಾನಿನ ಚೊಗರು, ಒಂದೇ ಪೊಟ್ಟಣದ ಪಟಿಕಾರ, ಪಾತ್ರೆಗಳೆಲ್ಲ ಸ್ಟೀಲ್. ಉಳಿದದ್ದು ನೀರು. ತೆರೆದ ಬಾವಿಯ ಮನೆಗಳಲ್ಲಿ ಕೆಂಗಂದು, ಬೂದಿಯಾದ ಮನೆಗಳಲ್ಲೆಲ್ಲ ಬೋರ್‌ವೆಲ್. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಜೊತೆ ಅದು ಸೇರಿದರೆ ಆಗುವುದು ಹಳೇ ಕಾಲದ ಬರೆಯುವ ಶಾಯಿಯಂಥ ಕಪ್ಪು. ತಲೆಕೆಡಿಸಿದ್ದು ಏನೆಂದರೆ, ಪಾತ್ರೆಯಿಂದ ಎತ್ತುವಾಗ ಲಡಿ ಕಂದಾಗಿಯೇ ಇರುತ್ತದೆ. ಬೋರಿನಿಂದ ಆಗಷ್ಟೇ ಬಂದ ನೀರು ತಿಳಿಯಾಗಿರುತ್ತದೆ, ಅದರಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿದ ಮೇಲಷ್ಟೇ ಕಪ್ಪು ತೋರಿಸುತ್ತದೆ. ಹಗ್ಗದ ಮೇಲೆ ಒಣಗುತ್ತ ಒಣಗುತ್ತ ನೂಲು ಮಂಕಾಗುವುದು ಅದಕ್ಕೇ.

ಪರೀಕ್ಷೆ ಸುಲಭ. ಎರಡು ಗಾಜಿನ ಲೋಟ: ಒಂದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಇನ್ನೊಂದರಲ್ಲಿ ಮನೆಯ ನೀರು. ಎರಡಕ್ಕೂ ಎರಡೆರಡು ಚಮಚ ತೆಳು ಕಣ್ಣ ಚಾ (ಹಾಲಿಲ್ಲದ್ದು) ಬೆರೆಸಿ ಒಂದು ಗಂಟೆ ಬಿಡಿ. ಮನೆಯ ನೀರಿನದ್ದು ನೇರಳೆಗಪ್ಪಿಗೆ ತಿರುಗಿದರೆ ಆ ನೀರು ಬಣ್ಣದ ಪಾತ್ರೆಗೆ ಬೇಡ.

ಬಾವಿ ಇಲ್ಲದವರು ಬೋರಿನ ನೀರನ್ನು ಬಕೆಟ್‌ನಿಂದ ಬಕೆಟ್‌ಗೆ ಎತ್ತರದಿಂದ ಹತ್ತಿಪ್ಪತ್ತು ಸಲ ಸುರಿದು, ಒಂದು ದಿನ ತಿಳಿಯಾಗಲು ಬಿಟ್ಟು, ತಳದ ತುಕ್ಕಿನ ಗಸಿ ಕದಡದಂತೆ ಬಗ್ಗಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಮತ್ತೆ ಚಾ ಪರೀಕ್ಷೆ. ಬೇಗ ತಳ ಸೇರಲಿ ಎಂದು ಸುಣ್ಣ ಹಾಕುವ ಸಲಹೆ ಬರುತ್ತದೆ. ಹಾಕಿದರೆ ಚೊಗರು ಕೆಂಪಿಗೆ ಓಡುತ್ತದೆ, ಹೊಸ ತಲೆನೋವು. ಮಳೆಗಾಲವಾದರೆ ಹಂಚಿನ ಮಾಡಿನ ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ: ಅದಕ್ಕಿಂತ ಒಳ್ಳೆಯದಿಲ್ಲ.

ಬೂದಿಯಾದ ಲಡಿಗಳನ್ನು ಬಿಸಾಡಬೇಕಿಲ್ಲ. ಲೀಟರ್ ಬೆಚ್ಚನೆ ನೀರಿಗೆ 5 ಗ್ರಾಂ ಆಕ್ಸಾಲಿಕ್ ಆಸಿಡ್, ಪ್ಲಾಸ್ಟಿಕ್ ಬಕೆಟ್‌ನಲ್ಲಿ 20 ನಿಮಿಷ. ಕಪ್ಪು ಬಿಡುತ್ತದೆ, ಕಂದು ತುಸು ತೆಳುವಾಗಿ ಉಳಿಯುತ್ತದೆ. ಈ ಆಸಿಡ್ ವಿಷ, ಕೈಗವಸು ಬೇಕೇ ಬೇಕು, ಅಡುಗೆ ಪಾತ್ರೆ ಮುಟ್ಟಬೇಡಿ. ಆಮೇಲೆ ಮೂರು ನೀರಿನಲ್ಲಿ ಜಾಲಾಡಿಸಿ, ಕೊನೆಯದಕ್ಕೆ ಲೀಟರಿಗೆ 2 ಗ್ರಾಂ ಅಡುಗೆ ಸೋಡಾ ಹಾಕಿ. ಆಸಿಡ್ ನೂಲಿನಲ್ಲೇ ಒಣಗಿದರೆ ಹೊಕ್ಕು ಲಾಳಿಯಲ್ಲೇ ತುಂಡಾಗುತ್ತದೆ. ಹಾರ್ಡ್‌ವೇರ್ ಅಂಗಡಿಗಳು ಹೆಸರು, ಚೀಟಿ ಇಲ್ಲದ ಬಿಳಿ ಪುಡಿಯನ್ನು ಪೊಟ್ಟಣ ಕಟ್ಟಿ ಕೊಡುತ್ತವೆ. ಬೇಡ, ಲೇಬಲ್ ಇದ್ದದ್ದನ್ನೇ ಕೇಳಿ. ನೇಯ್ದ ಪಟ್ಟೆಯ ಮೇಲಿನ ಸಣ್ಣ ಕಲೆಗೆ ಹಿತ್ತಿಲ ಬಿಂಬುಳಿ ರಸ ಸಾಕು, ಅದರಲ್ಲಿರುವುದೂ ಅದೇ ಆಮ್ಲ.

ತೂಗುಹಾಕುವಾಗಲೂ ಕಬ್ಬಿಣವೇ ಶತ್ರು. ಟೈಲರ್ ಪಿನ್ನು, ತಂತಿ, ಮೊಳೆ ಯಾವುದೂ ಬಟ್ಟೆಗೆ ತಾಗಬಾರದು. 304 ದರ್ಜೆಯ ಸ್ಟೀಲ್ ಕೂಡ ಕಡಲ ಗಾಳಿಗೆ ಕಂದು ಕಾರುತ್ತದೆ, ಅದಕ್ಕಿಂತ ಮೇಲಿನ 316ರ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅಡಿಕೆ ಮರದ ಸಲಾಕೆಗೆ ಹತ್ತಿ ಕುಣಿಕೆ ಹಾಕಿ ನೇತುಹಾಕುವುದೆಂದು ತೀರ್ಮಾನ.

ಇಷ್ಟು ಸಲೀಸಾಗಿ ಬರುವ ಕಪ್ಪನ್ನು ವ್ಯರ್ಥ ಮಾಡುವುದೇಕೆ? ಮುಂದಿನ ಯೋಜನೆ ಬಡಗುತಿಟ್ಟು ಯಕ್ಷಗಾನದ ವೇಷಕ್ಕೆ ಉಡುವ ಕಸೆ ಸೀರೆಯ ಚೌಕುಳಿ, ಅದಕ್ಕೆ ಈ ಸಲ ಬೇಕೆಂದೇ ಕಬ್ಬಿಣ ಹಾಕುವುದು. ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಕಪ್ಪಿಗೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿ ಬರಿಸುತ್ತಾರೆ; ಇಲ್ಲಿ ಬೆಲ್ಲದ ಬದಲು ಹುಳಿಯಾದ ಕಳ್ಳು ಹಾಕಿ ನೋಡುವ ಇರಾದೆ. ಕಬ್ಬಿಣ ಹೆಚ್ಚಾದರೆ ಹತ್ತಿ ಕಾಲಕ್ರಮದಲ್ಲಿ ಪುಡಿಯಾಗುವುದರಿಂದ ಕಪ್ಪು ಎಳೆಗೆ 60ರ ಬದಲು ದಪ್ಪನೆಯ 40ರ ನೂಲು ಹಿಡಿಯಬೇಕು. ಕಳ್ಳು ಹುಳಿಯಾಗುವವರೆಗೆ ಮಗ್ಗದ ಮನೆಯಲ್ಲಿ ಉಳಿಯುತ್ತದೆಯೇ ಎಂಬುದೊಂದೇ ಸಂಶಯ.