ಟ್ರೌಟ್ ನದಿಯಿಂದ ಅಘನಾಶಿನಿ ಅಳಿವೆಗೆ: ದಾವಣಗೆರೆಯಿಂದ ಗಾಳ ಹಿಡಿದು ಹೊರಡುವವರಿಗೆ

ಮೊದಲು ಅಳಿವೆಯ ಹತ್ತಿರ ನಾವು ಹಿಡಿದ ರೂಮಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಗಾಳದ ಹೊಸ ರೀಲ್, ಅಂದರೆ ದಾರ ಸುತ್ತುವ ಚಕ್ರ, ಕೆಟ್ಟಿದ್ದು ಅಲ್ಲಿಯೇ. ಫೋನಿನಲ್ಲಿ 1,500 ರೂಪಾಯಿ ಅಂದಿದ್ದರು. ಹೋಗಿ ನಿಂತ ಮೇಲೆ, ಇವತ್ತು ಶನಿವಾರ ಅಂತ 2,400 ಮಾಡಿದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದೆವು, ಕೊಟ್ಟೆವು. ಆ ದುಡ್ಡು ಹೋಗಲಿ. ನಲ್ಲಿ ನೀರಿನ ಸಂಗತಿಯೇ ಬೇರೆ. ಉಪ್ಪುನೀರಿನಲ್ಲಿ ಗಾಳ ಹಾಕಿ ಬಂದ ಮೇಲೆ ರಾಡ್, ರೀಲ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು ಅಂತ ಓದಿಕೊಂಡೇ ಹೋಗಿದ್ದೆ. ಎರಡು ರಾತ್ರಿ ಬಾತ್‌ರೂಮಿನಲ್ಲಿ ಕೂತು ತೊಳೆದಿಟ್ಟೆ. ಮೂರನೇ ಬೆಳಗ್ಗೆ ರೀಲಿನ ಹಿಡಿ ಕರಕರ ಅಂದು ಅರ್ಧಕ್ಕೆ ನಿಂತಿತು. ಅನುಮಾನ ಬಂದು ನಲ್ಲಿ ನೀರನ್ನು ನಾಲಿಗೆಗೆ ಹಚ್ಚಿಕೊಂಡೆ. ಸವಳು! ಅವರ ಬಾವಿ ಅಳಿವೆಗೆ ಅಂಟಿಕೊಂಡಿದೆಯಂತೆ. ಕೇಳಿದ ಮೇಲೆ ಹೇಳಿದರು.

ಹಾಗಾಗಿ ರೂಮು ಹಿಡಿಯುವ ಮುಂಚೆ ಎಸಿ, ಟಿವಿ ಆಮೇಲೆ ಕೇಳಿ. ನಲ್ಲಿ ನೀರು ಸಿಹಿಯೋ ಸವಳೋ ಅಂತ ಮೊದಲು ಕೇಳಿ, ನಾಲಿಗೆಗೆ ಹಚ್ಚಿ ನೋಡಿ. ಸವಳಾಗಿದ್ದರೆ ಒಂದು ಕ್ಯಾನ್ ಕುಡಿಯುವ ನೀರು ತರಿಸಿ ಅದರಲ್ಲೇ ತೊಳೆಯಿರಿ. ತೊಳೆಯುವಾಗ ರೀಲಿನ ಡ್ರ್ಯಾಗ್ (ದಾರ ಸುಲಭವಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಬ್ರೇಕ್) ಬಿಗಿ ಮಾಡಿಕೊಳ್ಳಿ, ನೀರನ್ನು ಜೋರಾಗಿ ಬಿಡಬೇಡಿ. ಒರೆಸಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿಟ್ಟು ಒಣಗಿಸಿ.

ನಾನು ದಾವಣಗೆರೆಯವನು. ಫ್ಲೈ ಗಾಳ, ಅಂದರೆ ಗರಿ, ದಾರದಲ್ಲಿ ಕಟ್ಟಿದ ನಕಲಿ ಎರೆಯಿಂದ (ಅದೇ ಫ್ಲೈ) ಮೀನು ಹಿಡಿಯುವುದನ್ನು ಕಲಿತದ್ದು ಹಿಮಾಚಲದ ತೀರ್ಥನ್ ನದಿಯಲ್ಲಿ, ಟ್ರೌಟ್ ಮೀನಿನ ಹಿಂದೆ. ಅಲ್ಲಿ ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಚಳಿಗಾಲವೆಲ್ಲ ರಾಡ್ ಅಟ್ಟದ ಮೇಲೆ. ಒಂದು ರಾತ್ರಿಯ ದೂರದಲ್ಲಿ ಸಮುದ್ರ ಇರುವಾಗ ಸುಮ್ನೆ ಯಾಕೆ ಕೂರಬೇಕು ಅಂತ ಜನವರಿಯ ಹುಣ್ಣಿಮೆಗೆ ಗೆಳೆಯನ ಜೊತೆ ಕುಮಟಾಕ್ಕೆ ಹೊರಟೆ. ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಅದು ಸಮುದ್ರ ಸೇರುವ ಕಡೆ ನೀರು ಇಳಿದಾಗ ಅಗಲವಾದ ಕೆಸರು ಬಯಲು ತೆರೆದುಕೊಳ್ಳುತ್ತದೆ. 2024ರಲ್ಲಿ ಅದಕ್ಕೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ.

ಬಸ್ಸಿನ ಬಗ್ಗೆ ಒಂದು ಮಾತು. ಹಾವೇರಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಹೋಗುವುದು. ನಾವು ಹತ್ತಿದ ಖಾಸಗಿ ಬಸ್ಸಿನಲ್ಲಿ ರಾಡ್ ಇಟ್ಟ ಪೈಪನ್ನು ಒಳಗೆ ಬಿಡಲಿಲ್ಲ. ಡಿಕ್ಕಿಯಲ್ಲಿ ಹಾಕಿಸಿದರು. ಹಾವೇರಿಯಲ್ಲಿ ಅದರ ಮೇಲೆ ಮೂಟೆ ಪೇರಿಸಿದರು. ಗೆಳೆಯನದು ಎರಡು ತುಂಡಿನ ಉದ್ದ ರಾಡ್, ತೆಳು ಪ್ಲಾಸ್ಟಿಕ್ ಪೈಪು. ಕುಮಟಾದಲ್ಲಿ ಬಿಚ್ಚಿದಾಗ ತುದಿ ಮುರಿದಿತ್ತು. ಪಾಪ, ಅದು ಅವನ ಅಪ್ಪ ಕೊಡಿಸಿದ್ದು. ನಾಲ್ಕು ತುಂಡಿನ ರಾಡ್ ತಗೊಳ್ಳಿ. ಒಂಬತ್ತು ಅಡಿಯದ್ದೂ ಮಡಿಚಿದರೆ ಕಾಲ ಹತ್ತಿರ ಇಟ್ಟುಕೊಳ್ಳುವಷ್ಟು ಆಗುತ್ತದೆ. ಮಳೆಗಾಲದಲ್ಲಿ ಹೊರಡುವವರು ಘಟ್ಟದ ರಸ್ತೆ ತೆರೆದಿದೆಯೇ ಅಂತ ಮೊದಲೇ ವಿಚಾರಿಸಿ.

ಈಗ ಮುಖ್ಯ ವಿಷಯ. ಟ್ರೌಟ್ ಕಲಿಸಿದ ಕೈ ಇಲ್ಲಿ ಶತ್ರು.

ಟ್ರೌಟ್ ಫ್ಲೈಯನ್ನು ಬಾಯಿಗೆ ತಗೊಂಡ ಕೂಡಲೇ ರಾಡ್ ಮೇಲೆತ್ತುತ್ತೇವೆ. ಕೊಕ್ಕೆ ಸಣ್ಣದು, ದಾರ ತೆಳು, ಅಷ್ಟು ಸಾಕು. ನನಗೆ ಅದು ಉಸಿರಾಡಿದಷ್ಟು ಸಹಜ ಆಗಿತ್ತು. ಮೊದಲ ಬೆಳಗ್ಗೆ ಮೊಣಕಾಲುದ್ದದ ನೀರಿನಲ್ಲಿ ನೆರಳೊಂದು ಫ್ಲೈ ಹಿಂದೆ ಬಂತು. ಬೆಳ್ಳಗೆ ಮಿಂಚಿತು. ರಾಡ್ ಎತ್ತಿದೆ. ಫ್ಲೈ ನೀರಿನಿಂದ ಹಾರಿ ನನ್ನ ಟೋಪಿಗೆ ಬಿತ್ತು. ಮೀನು ಹೋಯಿತು. ಆ ಬೆಳಗ್ಗೆಯೇ ಹೀಗೆ ನಾಲ್ಕು ಸಲ. ನಮ್ಮ ದೋಣಿಯವರು ಫ್ಲೈ ಗಾಳ ನೋಡಿದ್ದೇ ಅವತ್ತು ಮೊದಲು. ಆದರೂ ತಪ್ಪು ಅವರಿಗೇ ಮೊದಲು ಕಂಡಿತು. "ಕೋಲು ಯಾಕೆ ಎತ್ತುತ್ತೀರಿ? ದಾರ ಎಳೀರಿ ಸಾರ್" ಅಂದರು.

ಅದೇ ಸರಿ. ರಾಡಿನ ತುದಿ ನೀರಿಗೆ ತಾಗುವಷ್ಟು ಕೆಳಗೇ ಇರಬೇಕು. ಮೀನು ಕಚ್ಚಿದಾಗ ಎಡಗೈಯಲ್ಲಿ ಲೈನನ್ನು ನೇರವಾಗಿ, ಉದ್ದಕ್ಕೆ ಎಳೆಯಬೇಕು. ಬಲವಾದ ಬಾಯಿಗೆ ದಪ್ಪ ಕೊಕ್ಕೆ ಹೊಗುವುದು ಈ ಎಳೆತಕ್ಕೇ. ತಪ್ಪಿದರೂ ಫ್ಲೈ ನೀರಿನಲ್ಲೇ, ಮೀನಿನ ಮೂತಿಯ ಮುಂದೆಯೇ ಉಳಿಯುತ್ತದೆ. ಅದು ತಿರುಗಿ ಬಂದು ಕಚ್ಚಬಹುದು. ಹೊರಡುವ ಮುಂಚೆ ಮನೆಯಲ್ಲೇ ಇದನ್ನು ಅಭ್ಯಾಸ ಮಾಡಿ. ಲೈನಿನ ತುದಿಯನ್ನು ಯಾರಾದರೂ ಹಿಡಿದು ತಟ್ಟನೆ ಜಗ್ಗಲಿ, ನೀವು ಕೈ ಎತ್ತದೆ ಎಳೆಯಿರಿ. ನೂರು ಸಲ ಮಾಡಿದರೂ ಜಾಸ್ತಿ ಅಲ್ಲ.

ಕಡಲ ಗಾಳಿಗೂ ನಮ್ಮ ಊರಿನ ಕಡೆಯೇ ತಯಾರಾಗಬಹುದು. ನಾನು ಆಷಾಢದಲ್ಲಿ ಚಿತ್ರದುರ್ಗದ ಕಡೆ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದು ಕಾಣುವ ಒಂದು ಬಯಲಿನಲ್ಲಿ ಎಸೆತ ಅಭ್ಯಾಸ ಮಾಡಿದ್ದೆ. ಕೊಕ್ಕೆ ಬದಲು ಉಲ್ಲನ್ ತುಂಡು ಕಟ್ಟಿಕೊಂಡೆ. ಎಸೆಯುವಾಗ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಎಡಗೈಯಿಂದ ಲೈನ್ ಜಗ್ಗುವುದಕ್ಕೆ ಡಬಲ್ ಹಾಲ್ ಅಂತಾರೆ. ಟ್ರೌಟ್ ಹೊಳೆಯಲ್ಲಿ ಅದಿಲ್ಲದೆ ನಡೆಯುತ್ತದೆ. ಅಳಿವೆಯಲ್ಲಿ ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಅದಿಲ್ಲದಿದ್ದರೆ ಲೈನ್ ನಿಮ್ಮ ಮುಖಕ್ಕೇ ವಾಪಸ್ ಬರುತ್ತದೆ.

ಸಾಮಾನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟ್ರೌಟಿನ 4 ಅಥವಾ 5 ವೇಟ್ ರಾಡ್ ಮನೆಯಲ್ಲಿರಲಿ, 8 ವೇಟ್ ಬೇಕು (ಅಂಕಿ ದೊಡ್ಡದಾದಷ್ಟು ರಾಡ್, ಲೈನ್ ಭಾರದ್ದು). ಚಳಿನೀರಿಗೆ ಮಾಡಿದ ಲೈನ್ ಈ ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ, ಉಷ್ಣವಲಯದ ಲೈನೇ ತಗೊಳ್ಳಿ. ಹೊಳೆಯ ಕೊಕ್ಕೆಗಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಕೊಕ್ಕೆ ಬೇಕು. ಫ್ಲೈಗಳಲ್ಲಿ ಒಂದೇ ಒಯ್ಯಿರಿ ಅಂದರೆ ಕ್ಲೌಸರ್ ಮಿನ್ನೋ ಒಯ್ಯುತ್ತೇನೆ. 1980ರ ದಶಕದಲ್ಲಿ ಅಮೆರಿಕದ ಬಾಬ್ ಕ್ಲೌಸರ್ ಅದನ್ನು ಕಟ್ಟಿದ್ದು ನದಿಯ ಬಾಸ್ ಮೀನಿಗೆ. ಭಾರದ ಕಣ್ಣುಗಳಿಂದಾಗಿ ಅದರ ಕೊಕ್ಕೆ ಮೇಲ್ಮುಖವಾಗಿರುತ್ತದೆ, ಕೆಸರಿಗೆ ಸಿಕ್ಕಿಕೊಳ್ಳುವುದು ಕಡಿಮೆ. ನೀರಿನ ಮೇಲಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಇಲ್ಲದೆ ಹೋಗಲೇಬೇಡಿ, ಮೀನೇ ಕಾಣುವುದಿಲ್ಲ. ಫ್ಲೈ ಗಾಳದವರು ಕನಸು ಕಾಣುವ ಬೋನ್‌ಫಿಶ್ ಎಂಬ ಕಡಲ ಮೀನಿನ ಆಸೆ ಇದ್ದವರು ಬಹಾಮಾಸಿಗೋ ಸೇಶೆಲ್ಸಿಗೋ ದುಡ್ಡು ಕೂಡಿಸಿ. ನಮಗೆ ಇಲ್ಲಿ ಸಿಕ್ಕಿದ್ದು ಅಂಗೈ ಅಗಲದ ಟ್ರೆವಲ್ಲಿಗಳು, ಒಂದೆರಡು ಕೆಂಬೇರಿ. ಆದರೆ ಅಷ್ಟು ಸಣ್ಣ ಟ್ರೆವಲ್ಲಿ ಎಳೆಯುವ ಜೋರಿಗೆ ಅದರ ಎರಡರಷ್ಟಿನ ಟ್ರೌಟೂ ಸಮ ಅಲ್ಲ, ನಿಜವಾಗಿ ಹೇಳುತ್ತೇನೆ.

ಇಲ್ಲಿ ಗಡಿಯಾರಕ್ಕಿಂತ ಭರತ-ಇಳಿತ ಮುಖ್ಯ. ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಾವಿದ್ದ ದಿನಗಳಲ್ಲಿ ಬೆಳಗಿನ ಜಾವಕ್ಕೆ ನೀರು ತಳ ಕಂಡಿರುತ್ತಿತ್ತು. ಆಮೇಲೆ ಏರುವ ನೀರಿನ ಜೊತೆಗೇ ಮೀನು ಬಯಲಿಗೆ ಮೇಯಲು ಬರುತ್ತಿತ್ತು. ಗಾಳಿಯೂ ಆಗ ಇರುತ್ತಿರಲಿಲ್ಲ. ಆ ಎರಡು-ಮೂರು ಗಂಟೆ ಬಿಟ್ಟರೆ ಉಳಿದ ಹೊತ್ತು ನಿದ್ದೆ ಮಾಡಿ.

ಕೆಸರಿನಲ್ಲಿ ಹೆಜ್ಜೆ ಎತ್ತಿ ಇಡಬೇಡಿ, ಪಾದ ಎಳೆದುಕೊಂಡು ನಡೆಯಿರಿ. ತೊರಕೆ ಮೀನು ತಳದಲ್ಲಿ ಮಲಗಿರುತ್ತದೆ. ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ, ಸದ್ದಾದರೆ ತಾನೇ ಸರಿದು ಹೋಗುತ್ತದೆ. ಇನ್ನೊಂದು ಮಾತು. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಚಿಪ್ಪಿಕಲ್ಲು ಆರಿಸಲು ಬರುತ್ತಾರೆ. ಆ ಬಯಲು ಅವರ ಹೊಟ್ಟೆಪಾಡು. ಎಲ್ಲಿ ಕಾಲಿಡಬಹುದು ಅಂತ ಅವರನ್ನೇ ಕೇಳಿ ಇಳಿಯಿರಿ. ಎಲ್ಲಿ ಸೊಂಟದವರೆಗೆ ಹೂತುಹೋಗುತ್ತೀರಿ ಅನ್ನುವುದೂ ಅವರಿಗೇ ಗೊತ್ತು.

ಗೋಕರ್ಣ ಹತ್ತಿರವೇ ಇದೆ. ನಾವು ಒಂದು ಸಂಜೆ ಹೋಗಿ ಅರ್ಧ ಗಂಟೆಗೆ ವಾಪಸ್ ಬಂದೆವು. ಅಷ್ಟು ಜನ ನನಗೆ ಆಗುವುದಿಲ್ಲ.

ಕೊನೆಯ ಬೆಳಗ್ಗೆ ಗೆಳೆಯ ತನ್ನ ರೀಲನ್ನು ನನ್ನ ರಾಡಿಗೆ ಹಾಕಿಕೊಟ್ಟ. ಒಬ್ಬರಾದ ಮೇಲೆ ಒಬ್ಬರು ಎಸೆದೆವು. ಅವತ್ತು ನನ್ನ ಕೈ ಕೆಳಗೇ ಉಳಿಯಿತು. ಟ್ರೆವಲ್ಲಿ ಕಚ್ಚಿತು, ಎಳೆದೆ, ಕೊಕ್ಕೆ ಕೂತಿತು. ದೋಣಿಯವರು ನನಗಿಂತ ಜೋರಾಗಿ ಕೂಗಿದರು. ಅದನ್ನು ನೀರಿನಲ್ಲೇ ಬಿಡಿಸಿ ಕಳಿಸಿದೆ.

ಊಟಕ್ಕೆ ದೋಣಿಯವರೇ ನಮಗೆ ತೋರಿಸಿದ ಮನೆಗೆ ಹೋಗಿ. ತದಡಿ ಬಂದರಿನ ದಾರಿಯಲ್ಲಿ, ಬೋರ್ಡು ಇಲ್ಲ, ಹಂಚಿನ ಮನೆಯ ಜಗಲಿಯಲ್ಲಿ ನಾಲ್ಕು ಬೆಂಚು. 120 ರೂಪಾಯಿಗೆ ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಎಂಬ ಕರಾವಳಿಯ ಮಸಾಲೆ ಹಾಕಿದ ಬಂಗುಡೆ ಸಾರು, ಚಿಪ್ಪಿಕಲ್ಲಿನ ಸುಕ್ಕಾ, ಕೊನೆಗೆ ಲೋಟದ ತುಂಬ ಮುರುಗಲಿನ ಕಡಿ. ಚಿಪ್ಪಿಕಲ್ಲಿಗೆ ಅಲ್ಲಿ ಬಳಚು ಅಂತಾರೆ. ರೊಟ್ಟಿ ತಿಂದು ಬೆಳೆದ ನಮಗೆ ಆ ಅನ್ನ ಮೊದಲ ತುತ್ತಿಗೆ ದಪ್ಪ ಅನ್ನಿಸಿತು. ಸಾರು ಕಲಸಿದ ಮೇಲೆ ಬೇರೆ ಅನ್ನ ಬೇಡವೇ ಬೇಡ. ಬಡಿಸುವ ಅಮ್ಮ "ಇನ್ನೊಂಚೂರು ಹಾಕ್ಲಾ ತಮ್ಮಾ" ಅಂತ ಕೇಳುತ್ತಲೇ ಹಾಕಿಬಿಡುತ್ತಾರೆ. ಅದಕ್ಕೆ ಬೇರೆ ದುಡ್ಡು ಇಲ್ಲ. ನಮ್ಮ ಮಂಡಕ್ಕಿ ಪೊಟ್ಟಣ ಕೊಟ್ಟಾಗ ಅಲ್ಲೇ ಬಿಚ್ಚಿ, ಈರುಳ್ಳಿ ಹೆಚ್ಚಿ ಹಾಕಿ ಎಲ್ಲರಿಗೂ ಹಂಚಿದರು. ನೀರಿನಿಂದ ಎದ್ದವರು ಸೀದಾ ಅಲ್ಲಿಗೇ ಹೋಗಿ. ಎರಡು ಗಂಟೆ ದಾಟಿದರೆ ಬಳಚು ಮುಗಿದಿರುತ್ತದೆ.