ಹಾಂಗ್‌ಕಾಂಗ್‌ನಿಂದ ಲಾಂಗ್‌ಜಿ ಗದ್ದೆಗಳವರೆಗೆ: ಮಕ್ಕಳ ದಂಡಿನೊಂದಿಗೆ ಒಂದು ದಿನದ ಪಯಣ

ಚೀನಾದ ಹಳ್ಳಿಗಾಡು ತೋರಿಸಲು ಹಾಂಗ್‌ಕಾಂಗ್‌ನ ಶಾಲೆಗಳು ಮಕ್ಕಳನ್ನು ಗುವಾಂಗ್ಶಿಯ ಗುಯಿಲಿನ್ ಕಡೆಗೆ ಕರೆದೊಯ್ಯುವುದುಂಟು. ನಮ್ಮ ಶಾಲೆಯೂ ಹಾಗೆಯೇ ಹೊರಟಿತು; ಜೊತೆಗೆ ಹೋದ ಶಿಕ್ಷಕರಲ್ಲಿ ನಾನೂ ಒಬ್ಬಳು. ತಂಡದಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದರು. ಪ್ರವಾಸದ ಮೊದಲ ದಿನವೇ ಅತಿ ಉದ್ದದ್ದು: ಬೆಳಿಗ್ಗೆ ವೆಸ್ಟ್ ಕೌಲೂನ್ ನಿಲ್ದಾಣ, ಸಂಜೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ ಕಡಿದಿರುವ ಲಾಂಗ್‌ಜಿ ಬೆಟ್ಟದ ಮೇಲಿನ ಮರದ ಮನೆ. ನಡುವೆ ರೈಲು, ಬಸ್ಸು, ಇನ್ನೊಂದು ಬಸ್ಸು, ಕೊನೆಗೆ ಕಲ್ಲಿನ ಮೆಟ್ಟಿಲು. ಅತಿವೇಗದ ರೈಲಿನಲ್ಲಿ ಕುಳಿತ ಹೊತ್ತು ಯಾರಿಗೂ ಭಾರವೆನಿಸಲಿಲ್ಲ. ಸುಸ್ತು ಮಾಡಿಸಿದ್ದೆಲ್ಲ ಇಳಿದು ಹತ್ತುವ ಜಾಗಗಳು. ಹಾಗಾಗಿ ನಿಮ್ಮ ತಯಾರಿಯೆಲ್ಲ ಅಲ್ಲಿಗೇ ಮೀಸಲಾಗಿರಲಿ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವ ಮಗುವಿಗೆ ಚೀನಾ ವೀಸಾ ಬೇಕು. ಆದರೆ ಹಾಂಗ್‌ಕಾಂಗ್‌ನ ಕಾಯಂ ನಿವಾಸಿಗಳಾದ ವಿದೇಶಿಯರಿಗೆ 2024ರ ಜುಲೈನಿಂದ ಐದು ವರ್ಷದ ಪ್ರಯಾಣ ಕಾರ್ಡ್ ಸಿಗುತ್ತಿದೆ. ಅದಿದ್ದರೆ ಪ್ರತಿ ಸಲ ವೀಸಾಕ್ಕೆ ಅಲೆಯಬೇಕಿಲ್ಲ. ಯಾವ ಮಗುವಿನ ಕೈಯಲ್ಲಿ ಯಾವ ದಾಖಲೆ ಇದೆ ಎಂದು ಪಟ್ಟಿ ಮಾಡಿಟ್ಟುಕೊಳ್ಳಿ. ರೈಲಿನ ಟಿಕೆಟ್ ಅದೇ ದಾಖಲೆಯ ಹೆಸರು ಮತ್ತು ಸಂಖ್ಯೆಯ ಮೇಲೆ ಆಗಿರುತ್ತದೆ. ಮನೆಯಲ್ಲಿ ಕರೆಯುವ ಹೆಸರು, ಇನಿಷಿಯಲ್ ಮುಂದೋ ಹಿಂದೋ ಎಂಬ ನಮ್ಮ ಎಂದಿನ ಗೊಂದಲ ಅಲ್ಲಿ ನಡೆಯುವುದಿಲ್ಲ. ವೆಸ್ಟ್ ಕೌಲೂನ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಚೀನಾ ಎರಡರ ವಲಸೆ ತಪಾಸಣೆಯೂ ಒಂದೇ ಕಟ್ಟಡದಲ್ಲಿದೆ. ಅನುಕೂಲವೇನೋ ಹೌದು, ಆದರೆ ಮಕ್ಕಳ ದಂಡು ಎರಡು ಸಾಲು ದಾಟಿ, ಚೀಲಗಳನ್ನು ಎಕ್ಸ್‌ರೇಗೆ ಹಾಕಿ ಮುಗಿಸಲು ಸಮಯ ಹಿಡಿಯುತ್ತದೆ. ಒಂದೂವರೆ ಗಂಟೆ ಮೊದಲೇ ಅಲ್ಲಿರಿ. ಹಣ್ಣು ಕತ್ತರಿಸುವ ಚಾಕು, ದೊಡ್ಡ ಸ್ಪ್ರೇ ಡಬ್ಬಿ ತರಬೇಡಿರೆಂದು ಪೋಷಕರಿಗೆ ಮುಂಚೆಯೇ ತಿಳಿಸಿ.

ಗುಯಿಲಿನ್‌ಗೆ ಮೂರು ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ. ರೈಲಿನ ದೊಡ್ಡ ಸೌಕರ್ಯವೆಂದರೆ ಬೋಗಿಯ ತುದಿಯಲ್ಲಿರುವ ಕುದಿನೀರಿನ ನಲ್ಲಿ. ಸ್ಥಳೀಯರು ಚಹಾದ ಎಲೆ ಹಾಕಿದ ಬಾಟಲಿ ಹಿಡಿದು ಅಲ್ಲಿಗೆ ಬರುತ್ತಲೇ ಇರುತ್ತಾರೆ. ನಮ್ಮವರು ಗೊಜ್ಜವಲಕ್ಕಿ ಡಬ್ಬಿ ಹಿಡಿದು ಹೋದರು. ಹುಣಸೆ, ಬೆಲ್ಲ, ಸಾರಿನಪುಡಿ ಬೆರೆಸಿ ಒಗ್ಗರಣೆ ಹಾಕಿ ಒಣಗಿಸಿದ ಅವಲಕ್ಕಿ ರವೆಗೆ ಬಿಸಿನೀರು ಸುರಿದು, ಐದು ನಿಮಿಷ ಮುಚ್ಚಿಟ್ಟರೆ ಊಟ ತಯಾರು. ಸಸ್ಯಾಹಾರಿ ಮಗುವಿನ ತಾಯಿಗೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನಲ್ಲಿಲ್ಲ. ಉಕ್ಕಿನ ಡಬ್ಬಿಯೇ ಇರಲಿ, ಅಗ್ಗದ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಓಡುವ ರೈಲಿನಲ್ಲಿ ನೀರು ತುಂಬಿಸುವ ಕೆಲಸ ದೊಡ್ಡವರದ್ದು.

ಗುಯಿಲಿನ್‌ನಲ್ಲಿ ಒಂದಕ್ಕಿಂತ ಹೆಚ್ಚು ರೈಲು ನಿಲ್ದಾಣಗಳಿವೆ: ಉತ್ತರ, ಪಶ್ಚಿಮ, ಊರೊಳಗಿನ ಹಳೆಯದು. ಟಿಕೆಟ್‌ನಲ್ಲಿ ಯಾವುದಿದೆಯೋ ಅಲ್ಲಿಗೇ ಬಸ್ಸು ಬರಬೇಕೆಂದು ಹಿಂದಿನ ದಿನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಗುಯಿಲಿನ್ ಕೊನೆಯ ನಿಲ್ದಾಣವಾಗಿರದಿದ್ದರೆ ರೈಲು ಅಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ. ಇಳಿಯುವ ಹದಿನೈದು ನಿಮಿಷ ಮೊದಲೇ ಮೇಲಿನ ಹಲಗೆಯ ಚೀಲಗಳು ಕೆಳಗಿಳಿಯಲಿ. ತಲೆ ಎಣಿಕೆಯನ್ನು ಒಬ್ಬರೇ ಮಾಡಲಿ. ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ, ಆಮೇಲೆ ವಾದಕ್ಕೇ ಹತ್ತು ನಿಮಿಷ.

ಬಸ್ ಹತ್ತುವ ಮುನ್ನ ನಿಲ್ದಾಣದಲ್ಲೇ ಶೌಚ ಮುಗಿಸಿಕೊಳ್ಳಿ. ದಾರಿಯಲ್ಲಿ ಸಿಗುವವು ಹೆಚ್ಚಾಗಿ ಕುಕ್ಕರಗಾಲಲ್ಲಿ ಕೂರುವ ದೇಸಿ ಮಾದರಿಯ ಶೌಚಾಲಯಗಳು. ನಮ್ಮೂರು ನೋಡಿದ ಮಕ್ಕಳಿಗೆ ಅದೇನೂ ಹೊಸದಲ್ಲ, ಹಾಂಗ್‌ಕಾಂಗ್‌ನಲ್ಲೇ ಹುಟ್ಟಿ ಬೆಳೆದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಟಿಶ್ಯೂ, ಸೋಪು ಇರುತ್ತದೆಂದು ನಂಬಬೇಡಿ. ಊರು ದಾಟಿದ ಮೇಲೆ ಸುಣ್ಣಕಲ್ಲಿನ ಮೊನಚು ಗುಡ್ಡಗಳು ಹಿಂದೆ ಸರಿದು, ದಾರಿ ಲಾಂಗ್‌ಜಿ ಇರುವ ಲಾಂಗ್‌ಶೆಂಗ್ ಸೀಮೆಯ ಬೆಟ್ಟ ಹತ್ತತೊಡಗುತ್ತದೆ. ಚಾರ್ಮಾಡಿ ಘಾಟಿ ಬಲ್ಲವರಿಗೆ ಹೊಟ್ಟೆಯ ಕಥೆ ಹೇಳಬೇಕಿಲ್ಲ. ನಿಲ್ದಾಣದಲ್ಲಿ ಹಾಲಿನ ಚಹಾ ಕುಡಿದ ಮಕ್ಕಳೇ ಮೊದಲು ಬಸವಳಿದರು. ವಾಂತಿ ಮಾತ್ರೆಗೆ ಪೋಷಕರ ಲಿಖಿತ ಒಪ್ಪಿಗೆ ಮೊದಲೇ ಪಡೆದಿಡಿ, ತಿರುವು ಶುರುವಾಗುವ ಅರ್ಧ ಗಂಟೆ ಮುಂಚೆ ಕೊಡಿ, ಮೊಬೈಲ್ ಚೀಲಕ್ಕೆ ಸೇರಲಿ.

ನಿಮ್ಮ ದೊಡ್ಡ ಬಸ್ಸು ಬೆಟ್ಟದ ಕೆಳಗೇ ನಿಲ್ಲುತ್ತದೆ. ಟಿಕೆಟ್ ದ್ವಾರದಿಂದ ಪ್ರವಾಸಿ ತಾಣದ ಬಸ್ಸು ಹಿಡಿಯಬೇಕು, ಅದು ಇಳಿಸಿದಲ್ಲಿಂದ ತಂಗುವ ಮನೆಯಿರುವ ಪಿಂಗ್‌ಆನ್ ಹಳ್ಳಿಗೆ ಮೆಟ್ಟಿಲ ದಾರಿ. ಚಕ್ರದ ಸೂಟ್‌ಕೇಸ್ ಇಲ್ಲಿ ಬರೀ ಹೊರೆ. ಎರಡು ರಾತ್ರಿಯ ಬಟ್ಟೆಯನ್ನು ಬೆನ್ನಚೀಲಕ್ಕೆ ತುಂಬಿ, ಉಳಿದದ್ದನ್ನು ಗುಯಿಲಿನ್‌ನ ಹೋಟೆಲ್‌ನಲ್ಲೇ ಬಿಡುವ ಏರ್ಪಾಡು ಮಾಡಿ. ಆಗದಿದ್ದರೆ, ಬೆನ್ನಿಗೆ ದೊಡ್ಡ ಬುಟ್ಟಿ ಕಟ್ಟಿಕೊಂಡ ಹಳ್ಳಿಯ ಹೆಂಗಸರು ಹೊತ್ತು ತರುತ್ತಾರೆ. ಅಜ್ಜಿಯ ವಯಸ್ಸಿನ ಒಬ್ಬರು ಎರಡು ಸೂಟ್‌ಕೇಸ್‌ಗಳನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ನಿಲ್ಲಿಸಿ, ಹಗ್ಗ ಬಿಗಿದು, ನಮ್ಮ ಹುಡುಗರನ್ನು ಹಿಂದೆ ಹಾಕಿ ಹತ್ತಿಹೋದರು. ಕೂಲಿಯನ್ನು ಚೀಲಕ್ಕಿಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಕೊಟ್ಟ ಮೇಲೆ ಚೌಕಾಸಿ ಬೇಡ. ವೀಚಾಟ್ ಅಥವಾ ಅಲಿಪೇ ಎಂಬ ಮೊಬೈಲ್ ಪಾವತಿ ಆ್ಯಪ್‌ಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ಬ್ಯಾಂಕ್ ಕಾರ್ಡ್ ಜೋಡಿಸಿಟ್ಟರೆ ಬಹುತೇಕ ಕಡೆ ನಡೆಯುತ್ತದೆ. ಆದರೂ ಒಂದಿಷ್ಟು 20 ಯುವಾನ್ ನೋಟು ಇಟ್ಟುಕೊಳ್ಳಿ. ಅದರ ಹಿಂಬದಿಯ ಚಿತ್ರ ಇದೇ ಗುಯಿಲಿನ್ ಸೀಮೆಯ ಲಿ ನದಿಯದು, ಮಕ್ಕಳಿಗೆ ತೋರಿಸಲೂ ಆಯಿತು.

ಈ ಗದ್ದೆಗಳನ್ನು ಕಡಿಯಲು ಆರಂಭಿಸಿದ್ದು ಯುವಾನ್ ರಾಜವಂಶದ ಕಾಲದಲ್ಲಿ (13-14ನೇ ಶತಮಾನ) ಎನ್ನುತ್ತಾರೆ. ಪಿಂಗ್‌ಆನ್ ಜುವಾಂಗ್ ಎಂಬ ಜನಾಂಗದವರ ಊರು. ಆಚೆಯ ದಾಝಾಯ್ ಹಳ್ಳಿ ಯಾವೋ ಎಂಬ ಜನಾಂಗದವರದ್ದು, ಅಲ್ಲಿ ಕೇಬಲ್ ಕಾರ್ ಇದೆ. ಚಿಕ್ಕ ಮಕ್ಕಳಿದ್ದರೆ ಅದು ವಾಸಿ. ಮೇ-ಜೂನ್‌ನಲ್ಲಿ ಗದ್ದೆಗೆ ನೀರು, ಸೆಪ್ಟೆಂಬರ್ ಕೊನೆಗೆ ಬಂಗಾರದ ತೆನೆ. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡವೇ ಬೇಡ, ರಾಷ್ಟ್ರೀಯ ರಜೆಗೆ ಇಡೀ ದೇಶ ರಸ್ತೆಯ ಮೇಲಿರುತ್ತದೆ.

ತಂಗುವ ಮನೆಯಲ್ಲಿ ಊಟಕ್ಕೆ ಮೊದಲು ಪಾಸ್‌ಪೋರ್ಟ್ ಕೇಳುತ್ತಾರೆ. ವಿದೇಶಿಯರ ಹೆಸರನ್ನು ಪೊಲೀಸರಲ್ಲಿ ನೋಂದಾಯಿಸುವುದು ಕಡ್ಡಾಯ. ಎಲ್ಲರ ಪಾಸ್‌ಪೋರ್ಟ್ ಪುಟ, ವೀಸಾ ಪುಟಗಳ ಚಿತ್ರವನ್ನು ಮೊದಲೇ ಕಳಿಸಿದ್ದರೆ ಹಸಿದ ಮಕ್ಕಳು ಕಾಯಬೇಕಿಲ್ಲ. ಮಾಂಸ, ಮೀನು, ಹಂದಿ ಕೊಬ್ಬು, ಮಾಂಸದ ರಸ ಬೇಡ ಎಂದು ಚೀನೀ ಭಾಷೆಯಲ್ಲಿ ಬರೆಸಿದ ಚೀಟಿಯನ್ನು ನೇರ ಅಡುಗೆಯವರ ಕೈಗೇ ಕೊಡಿ. "ಸಸ್ಯಾಹಾರ" ಎಂದಷ್ಟೇ ಹೇಳಿದರೆ ಸೊಪ್ಪಿನ ಪಲ್ಯ ಹಂದಿ ಕೊಬ್ಬಿನಲ್ಲಿ ಬಾಡಿ ಬರಬಹುದು. ಟೊಮೆಟೊ-ಮೊಟ್ಟೆ ಪಲ್ಯ, ಜಜ್ಜಿದ ಸೌತೆಕಾಯಿ, ಬಿದಿರಿನ ಕೊಳವೆಯಲ್ಲಿ ಸುಟ್ಟ ಅನ್ನ ಬಹುತೇಕ ಮಕ್ಕಳಿಗೆ ಹಿಡಿಸುತ್ತವೆ, ಆದರೆ ಬಿದಿರನ್ನದಲ್ಲಿ ಮಾಂಸದ ಚೂರು ಇದೆಯೇ ಎಂದು ಕೇಳಿಕೊಳ್ಳಿ.

ಮನೆಗೆ ಸುದ್ದಿ ಮುಟ್ಟಿಸಲು ಹಾಂಗ್‌ಕಾಂಗ್ ಸಿಮ್‌ನ ರೋಮಿಂಗ್ ಸಾಕು, ಅದರಲ್ಲಿ ವಾಟ್ಸಾಪ್ ನಡೆಯುತ್ತದೆ. ತಂಗುವ ಮನೆಯ ವೈಫೈಯಲ್ಲಿ ನಡೆಯುವುದಿಲ್ಲ. ಮರುದಿನ ಬೆಳಗಿನ ಕಾರ್ಯಕ್ರಮವನ್ನು ಹತ್ತು ಗಂಟೆಗೆ ಮೊದಲು ಇಟ್ಟುಕೊಳ್ಳಬೇಡಿ. ಸೂರ್ಯೋದಯ ನೋಡಲೇಬೇಕೆನ್ನುವವರನ್ನು ಒಬ್ಬ ಶಿಕ್ಷಕರು ಕರೆದೊಯ್ಯಲಿ, ಮಿಕ್ಕವರು ಮಲಗಿರಲಿ.