ಮಂಡಕ್ಕಿ ಮೆತ್ತಗಾಗುವ ಊರು

ಹೊರಡುವ ಹಿಂದಿನ ರಾತ್ರಿ ನಮ್ಮ ಟ್ರಾಲಿ ಸೂಟ್‌ಕೇಸನ್ನು ಎತ್ತಿ ನೋಡಿದೆ. ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿದ ಹಾಗಾಯಿತು. ಒಳಗೆ ನಮ್ಮನೆಯವರ ಮೂರು ಜೀನ್ಸ್, ನನ್ನ ಮೊಳಕಾಲ್ಮೂರು ರೇಷ್ಮೆ ಸೀರೆ, ಎರಡು ದಪ್ಪ ಟರ್ಕಿ ಟವೆಲ್, ಅವರ ಲೆದರ್ ಶೂ. ಇನ್ನೂ ಏನೇನೋ ಇತ್ತು, ಈಗ ನೆನಪಿಲ್ಲ. ಅರ್ಧದಷ್ಟನ್ನು ಅಲ್ಲಿ ಹೊರಗೇ ತೆಗೆಯಲಿಲ್ಲ, ಹಾಗಾಗಿ ನೆನಪಿರೋದಾದರೂ ಹೇಗೆ?

ಇಷ್ಟಕ್ಕೂ ನಾವು ಹೊರಟಿದ್ದು ನಾಲ್ಕು ದಿನಕ್ಕೆ. ಕೇರಳದ ಆಲಪ್ಪುಳದಲ್ಲಿ ನಮ್ಮನೆಯವರ ಸಹೋದ್ಯೋಗಿಯ ಮಗಳ ಮದುವೆ. ಅದೂ ಮೇ ತಿಂಗಳಲ್ಲಿ. "ದಾವಣಗೆರೆ ಬಿಸಿಲು ಕಂಡವರಿಗೆ ಅದ್ಯಾವ ಸೆಕೆ" ಅಂತ ನಾನೇ ಜಂಬ ಕೊಚ್ಚಿದ್ದೆ. ಇಲ್ಲಿ 38 ಡಿಗ್ರಿ, ಮೊಬೈಲಲ್ಲಿ ನೋಡಿದರೆ ಅಲ್ಲಿ ಬರೀ 33. ತಂಪಿಗೆ ಹೋಗ್ತಿದ್ದೀವಿ ಅಂದುಕೊಂಡಿದ್ದೆ.

ಜೊತೆಗೆ ನಮ್ಮ ಸೋದರಮಾವ. ಅತ್ತೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಬನ್ನಿ ಅಂತ ಒತ್ತಾಯ ಮಾಡಿ ಕರೆದಿದ್ದೆ. ಸ್ಟೇಷನ್ನಿಗೆ ಬಂದಾಗ ಅವರ ಕೈಯಲ್ಲಿ ಒಂದು ಬಟ್ಟೆ ಚೀಲ, ಸಂತೆಗೆ ಹೊರಟವರ ಹಾಗೆ. "ಲಗೇಜೆಲ್ಲಿ ಮಾವ?" ಅಂದೆ. ಚೀಲ ಎತ್ತಿ ತೋರಿಸಿದರು. ನಮ್ಮನೆಯವರು ನನ್ನ ಮುಖ ನೋಡಿದರು. ಪಾಪ, ದುಡ್ಡಿಲ್ಲದೆ ಬಟ್ಟೆ ತಂದಿಲ್ಲವೇನೋ ಅಂತ ನನಗೂ ಒಳಗೊಳಗೇ ಕಸಿವಿಸಿ.

ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ಐಲ್ಯಾಂಡ್ ಎಕ್ಸ್‌ಪ್ರೆಸ್ ಹಿಡಿದು, ಮರುದಿನ ಬೆಳಿಗ್ಗೆ ಕೋಟ್ಟಯಂನಲ್ಲಿ ಇಳಿದೆವು. ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟಿದ್ದೇ ತಡ, ಯಾರೋ ಬಿಸಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಹೊದಿಸಿದ ಹಾಗಾಯಿತು. ಓವರ್‌ಬ್ರಿಡ್ಜ್ ಹತ್ತುವಾಗ ಟ್ರಾಲಿಯ ಒಂದು ಚಕ್ರ ಕಳಚಿ ಬಿತ್ತು. ಆಮೇಲೆ ನಾಲ್ಕು ದಿನ ಆ ಸೂಟ್‌ಕೇಸನ್ನು ಹೊತ್ತೇ ಓಡಾಡಿದ್ದು. ಚಕ್ರ ಇದೆ ಅನ್ನೋ ಧೈರ್ಯದ ಮೇಲೆ ಭಾರ ತುಂಬಬೇಡಿ. ಎತ್ತಿಕೊಂಡು ಎರಡು ಮಹಡಿ ಹತ್ತೋಕೆ ಆಗುತ್ತಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.

ಕೋಟ್ಟಯಂನಿಂದ ಆಲಪ್ಪುಳಕ್ಕೆ ಸರ್ಕಾರಿ ದೋಣಿ ಇದೆ. ಎರಡೂವರೆ ಗಂಟೆ ದಾರಿ, ಚಾರ್ಜೂ ಕಡಿಮೆ. ಸಾವಿರಾರು ರೂಪಾಯಿ ಕೊಟ್ಟು ಹೌಸ್‌ಬೋಟಿನ ಎಸಿ ರೂಮಿನಲ್ಲಿ ಟಿವಿ ನೋಡೋದಕ್ಕಿಂತ ಇದೇ ಎಷ್ಟೋ ಮೇಲು. ಕಾಲುವೆಗೆ ಅಡ್ಡಲಾಗಿ ಪುಟ್ಟ ಕಾಲುಸೇತುವೆಗಳು. ದೋಣಿ ಬರ್ತಿದ್ದ ಹಾಗೆ ದಡದಲ್ಲಿದ್ದವರು ಹಗ್ಗ ಎಳೆದು ಸೇತುವೆ ಎತ್ತುತ್ತಾರೆ. ಮುಂದೆ ಕುಟ್ಟನಾಡಿನ ಗದ್ದೆಗಳು ಸಿಗುತ್ತವೆ. ಅವು ಸಮುದ್ರ ಮಟ್ಟಕ್ಕಿಂತ ಕೆಳಗಿವೆ! ನೀರು ಮೇಲೆ, ಗದ್ದೆ ಕೆಳಗೆ, ನಡುವೆ ಒಂದು ಏರಿ. ನಮ್ಮ ಕಡೆ ಕೆರೆ ಏರಿ ಮೇಲೆ ನಿಂತು ಗದ್ದೆ ನೋಡಿದ ಹಾಗೇ, ಆದರೆ ಇಲ್ಲಿ ಕೆರೆ ಮುಗಿಯೋದೇ ಇಲ್ಲ.

ಆ ದೋಣಿಯಲ್ಲೇ ಹಸಿವಾಗಿ ದಾವಣಗೆರೆಯಿಂದ ತಂದ ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ನಮ್ಮೂರಿನವರು ಸ್ವರ್ಗಕ್ಕೆ ಹೋದರೂ ಮಂಡಕ್ಕಿ ಕಟ್ಟಿಕೊಂಡೇ ಹೋಗೋರು, ಅಲ್ವಾ? ಮೊದಲ ಮುಷ್ಟಿ ಗರಿಗರಿಯಾಗಿತ್ತು. ಗದ್ದೆ ನೋಡ್ತಾ ಮಾತಾಡ್ತಾ ಸ್ವಲ್ಪ ಹೊತ್ತು ಪೊಟ್ಟಣ ಹಾಗೇ ತೆರೆದಿಟ್ಟಿದ್ದೆ. ಮತ್ತೆ ಕೈ ಹಾಕಿದರೆ ಒಂದೊಂದು ಕಾಳೂ ಹತ್ತಿಯ ಹಾಗೆ ಮೆತ್ತಗೆ. ಹಲ್ಲಿಗೆ ಅಂಟಿಕೊಂಡಿತು.

ಮಾವ ಒಂದು ಕಾಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. "ಎಂಬತ್ತು ಇರಬೇಕು" ಅಂದರು.

"ಏನು ಎಂಬತ್ತು ಮಾವ?"

"ಗಾಳಿಯೊಳಗಿನ ನೀರು ಕಣವ್ವ. ಗಾಳಿ ಹಿಡಿಯೋ ನೀರು ನೂರಾದರೆ ಇಲ್ಲಿ ಇರೋದು 80. ನಮ್ಮ ಮಿಲ್ಲಿನ ಮಗ್ಗದ ಶೆಡ್ಡಲ್ಲೂ ಅಷ್ಟೇ ಇಡ್ತಿದ್ದರು."

ಮಾವ 22 ವರ್ಷ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ನಮ್ಮದು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಮಾವನ ಕೆಲಸವೂ ಹಾಗೇ ಹೋಯಿತು. ಅವರು ಮಿಲ್ಲಿನ ಮಾತು ಎತ್ತಿದ್ದನ್ನು ನಾನು ಕೇಳಿದ್ದೇ ಕಡಿಮೆ. ಆವತ್ತು ಮಾತ್ರ ದೋಣಿ ಆಲಪ್ಪುಳ ಮುಟ್ಟುವವರೆಗೂ ಮಾತಾಡಿದರು.

"ನಮ್ಮೂರ ಗಾಳಿ ಒಣಾ ಗಾಳಿ. ಆ ಗಾಳೀಲಿ ಹತ್ತಿ ನೂಲು ಗರುಕಾಗಿ ಪಟ್ ಪಟ್ ಅಂತ ಹರೀತದೆ. ಅದೇ ಒದ್ದೆ ಆದರೆ ಗಟ್ಟಿ. ಅದಕ್ಕೇ ಶೆಡ್ಡಿನೊಳಗೆ ನೀರು ತುಂತುರು ಬಿಡ್ತಿದ್ದರು. ಕಿಟಕಿ ತೆಗಿಯಂಗಿಲ್ಲ. ಹೊರಗೆ ಬಿಸಿಲು ಕುಲುಮೆ, ಒಳಗೆ ಇದೇ, ಈ ಕೇರಳ. ನಾನೇನು ಇಲ್ಲಿಗೆ ಹೊಸದಾಗಿ ಬಂದೆ ಅಂದುಕೊಂಡೆಯಾ? ಎಂಟು ಗಂಟೆ ಪಾಳಿ, ದಿನಾ ಬಂದು ಹೋಗಿದೀನಿ."

ನಾನು ದಂಗಾದೆ. ಪಿ.ಬಿ. ರಸ್ತೆಯಲ್ಲಿ ಓಡಾಡುವಾಗ ಆ ಹಳೇ ಮಿಲ್ಲು ಗೋಡೆಗಳನ್ನು ನೂರು ಸಲ ನೋಡಿದ್ದೇನೆ. ಅದರೊಳಗೆ ಒಂದು ಮಲಯಾಳ ಸೀಮೆಯ ಹವೆ ಇತ್ತು ಅಂತ ಯಾರು ಅಂದುಕೊಂಡಾರು?

"ಎಂಬತ್ತು ಅಂತ ಅವರಿಗೆ ಗೊತ್ತಾಗೋದು ಹೇಗೆ?" ನಮ್ಮನೆಯವರು ಕೇಳಿದರು.

"ಗೋಡೆ ಮೇಲೆ ಎರಡು ಥರ್ಮಾಮೀಟರ್ ಜೋಡಿ ಇರ್ತಿತ್ತು. ಒಂದು ಬರಿದು. ಇನ್ನೊಂದರ ಬುಡಕ್ಕೆ ಬಟ್ಟೆ ಸುತ್ತಿ, ಬಟ್ಟೆ ತುದಿ ನೀರಿನ ಬಾಟ್ಲಿಯೊಳಗೆ. ಬಟ್ಟೆ ಒಣಗ್ತಾ ಇದ್ದರೆ ಅದು ತಣ್ಣಗಾಗಿ ಪಾದರಸ ಇಳೀತದೆ. ಮೇ ತಿಂಗಳಲ್ಲಿ ಗೇಟಿನ ಹೊರಗೆ ಹಿಡಿದರೆ ಎರಡಕ್ಕೂ ಹತ್ತು ಹದಿನೈದು ಡಿಗ್ರಿ ಅಂತರ. ಒಳಗೆ ಎರಡೋ ಮೂರೋ. ಯಾಕಂದ್ರೆ ಒಳಗೆ ಬಟ್ಟೆ ಒಣಗಂಗಿಲ್ಲ. ನಿನ್ನ ಬೆವರೂ ಅಷ್ಟೇ. ನಮ್ಮೂರಲ್ಲಿ ಬೆವರು ಬಂದಿದ್ದೇ ಗೊತ್ತಾಗದಂಗೆ ಹಾರಿ ಹೋಗಿ ಮೈ ತಣ್ಣಗೆ ಮಾಡ್ತದೆ. ಇಲ್ಲಿ ಸುಮ್ನೆ ಸುರೀತದೆ."

38ಕ್ಕಿಂತ 33 ಯಾಕೆ ಕೆಟ್ಟದ್ದು ಅಂತ ನನಗೆ ಅರ್ಥವಾಗಿದ್ದು ಆಗ. ಆಮೇಲೆ ಮಾವ ನಮ್ಮನೆಯವರ ಜೀನ್ಸಿನ ಮೊಣಕಾಲ ಹತ್ತಿರ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿದರು, ಬಟ್ಟೆ ಅಂಗಡಿಯಲ್ಲಿ ಥಾನು ನೋಡೋ ಹಾಗೆ. "ಬಟ್ಟೆ ಬಲೇ ಗಟ್ಟಿ ಐತಿ ಅಳಿಯಂದಿರೇ. ಆದರೆ ಇದನ್ನ ಇಲ್ಲಿ ತೊಳೀಬೇಡ್ರಿ" ಅಂದರು.

ತೊಳೆದೆವು. ಮದುವೆ ಹಿಂದಿನ ರಾತ್ರಿ ಊಟದಲ್ಲಿ ಮೀನು ಸಾರು ಚೆಲ್ಲಿತ್ತು, ಇನ್ನೇನು ಮಾಡೋದು? ಹಿಂಡೋಕೆ ಇಬ್ಬರು ಬೇಕಾಯಿತು. ಎರಡು ದಿನ ಫ್ಯಾನ್ ಕೆಳಗಿದ್ದರೂ ಸೊಂಟದ ಪಟ್ಟಿ, ಜೇಬಿನ ಒಳಗು ತಣ್ಣಗೆ ಒದ್ದೆ. ಟರ್ಕಿ ಟವೆಲ್ಲಿನದೂ ಅದೇ ಕಥೆ. ಎರಡನೇ ದಿನಕ್ಕೇ ನಾತ.

ಮಾವನ ಚೀಲದಲ್ಲಿ ಇದ್ದದ್ದು ಇಷ್ಟು: ಒಂದು ಪಂಚೆ, ಒಂದು ಲುಂಗಿ, ತೆಳು ಹತ್ತಿ ಅಂಗಿ ಎರಡು, ಬನಿಯನ್ನು ಚಡ್ಡಿ, ತೆಳ್ಳನೆ ಚೌಕಳಿ ಟವೆಲ್, ಮಾತ್ರೆ ಡಬ್ಬಿ, ಮತ್ತೆ ನಾಲ್ಕು ಮೊಳ ನೂಲಿನ ಹಗ್ಗ. ಕಾಲಲ್ಲಿ ಹವಾಯಿ ಚಪ್ಪಲಿ. ರಾತ್ರಿ ಸ್ನಾನ ಮಾಡುವಾಗಲೇ ಆವತ್ತು ಹಾಕಿದ್ದನ್ನು ಒಗೆಯೋರು. ಒಗೆದದ್ದನ್ನು ಟವೆಲ್ಲಿನಲ್ಲಿ ಸುತ್ತಿ ಜೋರಾಗಿ ಹಿಂಡೋರು. ಅರ್ಧ ನೀರು ಟವೆಲ್ಲಿಗೇ ಹೋಗೋದು. ಆಮೇಲೆ ಕಿಟಕಿಯಿಂದ ಕಪಾಟಿಗೆ ಹಗ್ಗ ಕಟ್ಟಿ, ಫ್ಯಾನಿನ ಗಾಳಿ ತಾಗುವ ಹಾಗೆ ಒಂದಕ್ಕೊಂದು ಅಂಟದಂತೆ ಹರವೋರು. ಬೆಳಿಗ್ಗೆ ಕಾಲರ್ ಬಿಟ್ಟು ಉಳಿದದ್ದೆಲ್ಲ ಒಣಗಿರೋದು. ಮೂರನೇ ದಿನಕ್ಕೆ ನಮ್ಮನೆಯವರು ಆ ಲುಂಗಿಯನ್ನು ಸಾಲ ಕೇಳಿದರು.

ಮದುವೆ ಚೆನ್ನಾಗಿಯೇ ಆಯಿತು. ಬಾಳೆಲೆ ಊಟ, ಅಡ ಪಾಯಸ ಎರಡು ಸಲ ಹಾಕಿಸಿಕೊಂಡೆ. ಅವಿಯಲ್ ನನಗೆ ಹಿಡಿಸಲಿಲ್ಲ, ತೆಂಗಿನೆಣ್ಣೆ ವಾಸನೆ ಜಾಸ್ತಿ. ಬೆಣ್ಣೆ ತಿಂದು ಬೆಳೆದ ನಾಲಿಗೆ ನನ್ನದು. ಅಲ್ಲಿನ ಹೆಂಗಸರೆಲ್ಲ ಜರಿ ಅಂಚಿನ ಬಿಳಿ ಹತ್ತಿ ಸೀರೆಯಲ್ಲಿ ಆರಾಮಾಗಿ ಓಡಾಡ್ತಿದ್ದರೆ, ನಾನು ಮೊಳಕಾಲ್ಮೂರು ರೇಷ್ಮೆ ಉಟ್ಟು ಫ್ಯಾನ್ ಕೆಳಗಿನ ಕುರ್ಚಿ ಬಿಟ್ಟು ಏಳಲಿಲ್ಲ. ಕುಪ್ಪಸದ ಕಂಕುಳಲ್ಲಿ ಬೆವರಿನ ಬಿಳಿ ಗೆರೆ ಕೂತಿದೆ. ಡ್ರೈಕ್ಲೀನಿಂಗಿಗೆ ಕೊಟ್ಟರೂ ಹೋಗಿಲ್ಲ. ಆ ಹೊಟ್ಟೆಯುರಿ ಇನ್ನೂ ಇದೆ.

ವಾಪಸ್ ಬರುವಾಗ ಹಸಿ ಜೀನ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಸೂಟ್‌ಕೇಸಿಗೆ ತುರುಕಿದ್ದೆವು. ಊರಿಗೆ ಬಂದು ಬಿಚ್ಚಿದರೆ ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಬೂಷ್ಟು. ಹಸಿ ಬಟ್ಟೆ ತರಲೇಬೇಕಾದರೆ ಬಟ್ಟೆ ಚೀಲದಲ್ಲಿ ಹಾಕಿ, ಮೇಲಕ್ಕೆ ಇಡಿ, ಗಾಳಿಯಾಡಲಿ. ನಮ್ಮದಂತೂ ಈಗ ಬೈಕ್ ಒರೆಸೋ ಬಟ್ಟೆ.

ಮೆತ್ತಗಾದ ಮಂಡಕ್ಕಿಯನ್ನು ಬಿಸಾಕೋಕೆ ಮಾವ ಬಿಟ್ಟಿರಲಿಲ್ಲ. ಪೊಟ್ಟಣವನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡು ಬಂದರು. ಬಂದ ದಿನ ನಮ್ಮ ತಾರಸಿ ಮೇಲೆ ಹಳೇ ಪಂಚೆ ಹಾಸಿ, ಅದರ ಮೇಲೆ ಹರವಿದರು. ನಾನು ಅಡಿಗೆ ಮುಗಿಸಿ ಮೇಲೆ ಹೋಗುವಷ್ಟರಲ್ಲಿ ಮಾವ ನೆರಳಲ್ಲಿ ಕೂತು ಮುಕ್ಕುತ್ತಿದ್ದರು. ಮೆಟ್ಟಿಲ ಮೇಲಿದ್ದಾಗಲೇ ಕುರುಂ ಕುರುಂ ಕೇಳಿಸಿತು.

"ಎಷ್ಟಿದೆ ಮಾವ?" ಅಂದೆ.

ಒಂದು ಕಾಳು ಬೆರಳಲ್ಲಿ ಪುಡಿ ಮಾಡಿ, "ಇಪ್ಪತ್ತೈದು ದಾಟಂಗಿಲ್ಲ. ಒಂದು ಈರುಳ್ಳಿ ಹೆಚ್ಚಿಕೊಂಡು ಬಾ" ಅಂದರು.